ಏಳು ತಾರೀಕುಗಳ ಗಡಿಯಾರ

“ಅದನ್ನ ಮುಟ್ಟಬೇಡಿ!”

ಅವಳು ಬೆಚ್ಚಿಬಿದ್ದು ತಿರುಗಿದಳು. ಗಡಿಯಾರ ರಿಪೇರಿ ಅಂಗಡಿಯಲ್ಲಿ ಅವಳ ಮೊದಲ ದಿನ. ಎದುರಿಗಿದ್ದವನು ಅಲ್ಲಿ ಐದು ವರ್ಷದಿಂದ ದುಡಿಯುವ ಯುವಕ. ಎಲ್ಲರೂ ‘ಮೌನಿ’ ಎನ್ನುತ್ತಾರಂತೆ. ಬಾಯಿ ಬಿಟ್ಟರೆ ಹೀಗೆ!

ಅಂಗಡಿ ಅವಳ ಸೋದರಮಾವನದೇ. ಆದರೆ ಮಾವ ಖಡಾಖಂಡಿತ ಹೇಳಿದ್ದರು: “ಶನಿವಾರದೊಳಗೆ ಒಂದು ಕೆಟ್ಟ ಗಡಿಯಾರ ನಡೆಸು. ಯಾವುದು ಅಂತ ನೀನೇ ಆರಿಸ್ಕೋ. ನಡೆದ್ರೆ ಕಿಟಕಿ ಪಕ್ಕದ ಮೇಜು ನಿಂದು. ಇಲ್ಲಾಂದ್ರೆ ಮನೆಗೆ ನಡಿ.”

ಅವಳ ಕಣ್ಣು ಬಿದ್ದಿದ್ದು, ಈಗ ಕೈ ಹೋಗಿದ್ದು, ಕೆಟ್ಟು ನಿಂತಿದ್ದ ಗೋಡೆಯ ದೊಡ್ಡ ಗಡಿಯಾರದ ಮೇಲೆ.

“ಇದನ್ನ ತಗೊಳ್ಳಿ,” ಎಂದು ಅವನು ಅಂಗೈಯಗಲದ ಅಲಾರಾಂ ಒಂದನ್ನು ಮುಂದೆ ಸರಿಸಿದ.

‘ಹುಡುಗಿ ಅಲ್ವಾ, ಇಷ್ಟೇ ಸಾಕು ಅಂತಾನೆ!’ ಅವಳಿಗೆ ಮೂಗಿನ ತುದಿಗೇ ಕೋಪ ಬಂತು. “ನನ್ನ ಕೆಲಸ ನಾನು ಆರಿಸ್ಕೋತೀನಿ!”

ಅವನು ಅಲಾರಾಂ ಎತ್ತಿಕೊಂಡು ತನ್ನ ಮೇಜಿಗೆ ಮರಳಿದ.

ಎರಡು ದಿನ ದೊಡ್ಡ ಗಡಿಯಾರವನ್ನು ಮುಂಭಾಗದಿಂದಷ್ಟೇ ಬಿಚ್ಚಿದಳು, ಒರೆಸಿದಳು, ಎಣ್ಣೆ ಬಿಟ್ಟಳು. ಜಪ್ಪಯ್ಯ ಅಂದರೂ ಅದು ನಡೆಯಲಿಲ್ಲ. ಶುಕ್ರವಾರ ಬೆನ್ನಿನ ಹಲಗೆ ತೆಗೆದಳು. ಬಿಚ್ಚಿದವರು ಅದರೊಳಗೆ ಪೆನ್ಸಿಲಿನಲ್ಲಿ ತಾರೀಕು ಹಾಕುವುದು ಆ ಅಂಗಡಿಯ ಪದ್ಧತಿ.

ಅಲ್ಲಿ ಏಳು ತಾರೀಕುಗಳಿದ್ದವು. ಏಳೂ ಒಂದೇ ಕೈಬರಹ... ಅಂಗಡಿಯ ರಸೀದಿಗಳಲ್ಲಿ ಕಂಡಿದ್ದ ಮೌನಿಯದು! ಕೆಳಗೆ ಸಣ್ಣಗೆ: ‘ಹಲ್ಲು ಸವೆದಿದೆ. ಈ ಚಕ್ರ ಎಲ್ಲೂ ಸಿಗುತ್ತಿಲ್ಲ.’

“ಏಳು ಸಲ ಕೈ ಸುಟ್ಕೊಂಡಿದ್ದೀರಾ! ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?”

“ಸೋತಿದ್ದನ್ನ ಯಾರಾದ್ರೂ ಡಂಗುರ ಸಾರ್ತಾರಾ? ಅದೂ... ನಿಮ್ಮ ಮುಂದೆ!”

ಅವನ ಕಿವಿ ಕೆಂಪಾಗಿತ್ತು. ಅವಳಿಗೆ ನಗು ಬಂತು, ಜೊತೆಗೇ ಎದೆಯೊಳಗೆ ಏನೋ ಕರಗಿತು. ‘ಛೆ, ಎಂಥ ಒಳ್ಳೆಯವನನ್ನ ಎಷ್ಟು ಬೈಕೊಂಡೆ!’

“ಕೊಡಿ ಆ ಅಲಾರಾಂ,” ಎಂದು ಕೈ ಚಾಚಿದಳು.

ಶನಿವಾರ ಅದು ಹೊಡೆದ ಸದ್ದಿಗೆ ಮಾವನ ಕೈಯಲ್ಲಿದ್ದ ಚಹಾ ಚೆಲ್ಲಿತು. ಕಿಟಕಿ ಪಕ್ಕದ ಮೇಜು ಅವಳದಾಯಿತು!

ತಿಂಗಳುಗಳು ಕಳೆದವು. ಅವನು ದಿನಾ ಯಾವುದೋ ನೆಪ ಮಾಡಿಕೊಂಡು ಆ ಮೇಜಿನ ಹತ್ತಿರ ಬರುವುದು ಮಾವನ ಕಣ್ಣಿಗೂ ಬಿತ್ತು.

“ಮಾವ ಹೇಳ್ತಾರೆ... ‘ಆ ಮೌನಿ ಜೊತೆ ಸಂಸಾರ ಮಾಡೋದು ಕಷ್ಟ ಕಣಮ್ಮಾ’ ಅಂತ,” ಎಂದಳು ಒಂದು ದಿನ.

ಅವನ ಕೈಯ ಚಿಮಟ ಅಲ್ಲೇ ನಿಂತಿತು. “ದೊಡ್ಡವರು... ಹೇಳಿದ್ರೆ ಕೇಳ್ಬೇಕಲ್ವಾ?”

“ಅವತ್ತು ನಾನು ನಿಮ್ಮ ಮಾತು ಯಾಕೆ ಕೇಳಿದೆ? ನೀವು ಆ ಗಡಿಯಾರಾನ ಏಳು ಸಲ ಬಿಚ್ಚಿ ನೋಡಿದ್ರಿ, ಅದಕ್ಕೆ. ಮಾವ ಏನು, ನಿಮ್ಮ ಜೊತೆ ಸಂಸಾರ ಮಾಡಿ ನೋಡಿದ್ದಾರಾ?”

ಮೌನಿ ಗಹಗಹಿಸಿ ನಕ್ಕ! ಅಂಗಡಿಯಲ್ಲಿ ಯಾರೂ ಕೇಳಿರದ ನಗು ಅದು.

ಅವಳು ಮೆಲ್ಲನೆ ಅವನ ಕೈ ಮೇಲೆ ಕೈಯಿಟ್ಟಳು.

“ಮುಟ್ಟಬೇಡಿ ಅನ್ನಲ್ವಾ?”

“ಇಲ್ಲ...” ಅವನು ತನ್ನ ಎದೆ ಮುಟ್ಟಿ ತೋರಿಸಿದ. “ಇಲ್ಲಿ ಇನ್ನೂ ಯಾರ ತಾರೀಕೂ ಇಲ್ಲ. ಮೊದಲನೇದು ನೀವೇ ಹಾಕಿ.”