ಅಳಿಸಿಹೋದ ರಿಮೋಟು

"ಕೈ ತೆಗೀರಿ!"

"ನೀವು ಮೊದಲು ತೆಗೀರಿ!"

ಆ ಹಳೆಯ ನೀಲಿ ಕಾರಿನ ಒಂದು ಬಾಗಿಲ ಹಿಡಿಕೆ ಅವಳ ಕೈಯಲ್ಲಿ, ಇನ್ನೊಂದು ಬಾಗಿಲ ಹಿಡಿಕೆ ಅವನ ಕೈಯಲ್ಲಿ. ಪಕ್ಕದಲ್ಲಿ, ಕಾರು ಮಾರಲು ನಿಂತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು.

ಇಬ್ಬರ ಕಣ್ಣಿಂದ ಹಾರಿದ ಕಿಡಿಗೆ ಮೇಷ್ಟ್ರ ಮೀಸೆ ಸುಟ್ಟುಹೋಯಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆದರೆ ಮರುದಿನದಿಂದ ಅವರು ಮೀಸೆ ಇಲ್ಲದೆ ಓಡಾಡಿದ್ದಂತೂ ನಿಜ!

ಅವಳು ಕೇಕ್ ಅಂಗಡಿಯವಳು. ಅವಳ ಓವನ್ ಬಾಗಿಲು ತೆರೆದರೆ ಮೂರು ಬೀದಿಯಾಚೆ ಜಗಳವಾಡುತ್ತಿದ್ದ ಗಂಡ ಹೆಂಡತಿ ಜಗಳ ಬಿಟ್ಟು ಮೂಗರಳಿಸುತ್ತಿದ್ದರು. ಅವನು ಕನ್ನಡಕದಂಗಡಿಯವನು. ಊರಿನ ಅರ್ಧ ಮೂಗುಗಳ ಅಳತೆ ಅವನಿಗೆ ಬಾಯಿಪಾಠ.

"ನಂಗೆ ಬೆಳಗ್ಗೆ ಕೇಕ್ ತಲುಪಿಸೋಕೆ ಕಾರು ಬೇಕೇ ಬೇಕು," ಎಂದಳು ಅವಳು.

"ನಂಗೆ ಮಧ್ಯಾಹ್ನ ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು," ಎಂದ ಅವನು.

"ಹಾಗಾದ್ರೆ ಕಿತ್ತಾಟ ಯಾಕ್ರಪ್ಪಾ? ಅರ್ಧರ್ಧ ತಗೊಳ್ಳಿ. ಬೆಳಗ್ಗೆ ನಿನ್ನದು, ಮಧ್ಯಾಹ್ನ ಅವನದು. ಕೀ ಗೊಂಚಲೂ ಎರಡಿದೆ!" ಎಂದರು ಮೇಷ್ಟ್ರು.

ಹೀಗೆ ಒಂದು ಕಾರು, ಇಬ್ಬರು ಮಾಲೀಕರು. ಒಬ್ಬೊಬ್ಬರ ಹತ್ತಿರ ಒಂದೊಂದು ಕೀ, ಅದರ ಜೊತೆಗೊಂದು ರಿಮೋಟು.

ದಿನಾ ಬೆಳಗ್ಗೆ ಅವಳು ಸೀಟು ಮುಂದಕ್ಕೆ ಎಳೆಯುತ್ತಿದ್ದಳು. ಮಧ್ಯಾಹ್ನ ಅವನು ಹಿಂದಕ್ಕೆ ತಳ್ಳುತ್ತಿದ್ದ. ಒಂದು ದಿನ ಅವಳು ಸ್ಟೇರಿಂಗಿಗೆ ಚೀಟಿ ಅಂಟಿಸಿದಳು: "ನಿಮ್ಮದು ಕಾಲಾ, ಕರೆಂಟ್ ಕಂಬಾನಾ?" ಮರುದಿನ ಉತ್ತರ ಬಂತು: "ಕೇಕ್ ಮೇಡಂ, ಕಂಬ ಸರಿಯಾಗೇ ಇದೆ. ಅಳತೆ ಪಟ್ಟಿಯೇ ಗಿಡ್ಡ."

ಎಂಟು ತಿಂಗಳಲ್ಲಿ ಎಷ್ಟು ಚೀಟಿ ಆದವೆಂದರೆ ಒಂದು ಕಾಗದದ ಕಾರ್ಖಾನೆ ಅವರಿಬ್ಬರ ಮೇಲೇ ಬದುಕಿತ್ತು! ಕೊನೆಕೊನೆಗೆ ಸ್ಟೇರಿಂಗ್ ನೋಡಿದರೆ ಸಾಕು, ಅವಳ ಎದೆ ಡವಗುಟ್ಟುತ್ತಿತ್ತು.

ನಡುವೆ ಒಮ್ಮೆ ಅವನು ತನ್ನ ಕೀ ಎಲ್ಲೋ ಬೀಳಿಸಿಕೊಂಡು ಅರ್ಧ ದಿನ ಹುಡುಕಿದ್ದ. ಅದಕ್ಕೆ ಅವಳು ಒಂದು ತಿಂಗಳು ಬೈದಿದ್ದಳು. "ಒಂದು ಕೀ ಜೋಪಾನ ಮಾಡೋಕಾಗದೋರು ಇನ್ನೇನು ಜೋಪಾನ ಮಾಡ್ತೀರಿ ಕನ್ನಡಕದವರೇ?"

ಅಷ್ಟು ಬೈದವಳು ಏನು ಮಾಡಿಕೊಂಡಳು ಗೊತ್ತೇ? ತನ್ನ ರಿಮೋಟನ್ನು ಕೇಕಿನೊಳಗೆ ಹಾಕಿ ಬೇಯಿಸಿಬಿಟ್ಟಳು!

ಮಿಕ್ಸರ್ ಮೇಲಿನ ಹಲಗೆಯಲ್ಲಿಟ್ಟಿದ್ದ ಗೊಂಚಲು ಹಿಟ್ಟಿಗೆ ಜಾರಿತ್ತು. ನಲವತ್ತು ನಿಮಿಷದ ನಂತರ ಕೇಕ್ ಕತ್ತರಿಸಿದಾಗ ಚಾಕುವಿಗೆ ಟಣ್ ಎಂದಿತು. ಕಬ್ಬಿಣದ ಕೀ ಗಟ್ಟಿಮುಟ್ಟಾಗಿತ್ತು. ರಿಮೋಟು ಮಾತ್ರ ಕರಗಿ ಒಣದ್ರಾಕ್ಷಿಯಾಗಿತ್ತು.

'ಅಯ್ಯೋ! ಇದನ್ನ ಅವರಿಗೆ ಹೇಳೋದು ಹೇಗೆ?'

ಹೇಳಲಿಲ್ಲ. ಗುಟ್ಟಾಗಿ ಹೊಸ ರಿಮೋಟು ತರಿಸಿದಳು. ಅದು ಬಂದ ಸಂಜೆಯೇ ಅವನೂ ಬಂದ. ಗಾಜಿನ ಕಪಾಟಿಗೆ ಒರಗಿ, ಕಿವಿಯವರೆಗೂ ಕೆಂಪಾಗಿ ಕೇಳಿದ.

"ಕೇಕ್ ಮೇಡಂ... ಈ ಕಾರು ಒಂದು ಹೊತ್ತು ನಿಮ್ಮನೆ ಮುಂದೆ, ಒಂದು ಹೊತ್ತು ನಮ್ಮನೆ ಮುಂದೆ ನಿಂತು ಸುಸ್ತಾಗಿದೆ. ಇನ್ಮೇಲೆ ಒಂದೇ ಮನೆ ಮುಂದೆ ನಿಲ್ಲಲಾ?"

ಅವಳ ಏಪ್ರನ್ ಜೇಬಿನಲ್ಲಿ ಸುಟ್ಟ ರಿಮೋಟು ತೊಡೆಗೆ ಒತ್ತುತ್ತಿತ್ತು. 'ಇಷ್ಟು ದೊಡ್ಡ ಸುಳ್ಳು ಇಟ್ಕೊಂಡು ಹೇಗೆ ಹೂಂ ಅನ್ನಲಿ? ಮೊದಲು ಇದನ್ನ ಸರಿ ಮಾಡ್ತೀನಿ, ಆಮೇಲೆ...'

"ನಾಳೆ ಹೇಳ್ತೀನಿ!" ಎಂದವಳೇ ಒಳಗೋಡಿದಳು.

ಮರುದಿನ ಬೆಳಗ್ಗೆ ಮನೆ ಮುಂದೆ, ಕಾರಿನೊಳಗೆ ಕೂತು ಸೂಚನೆಯ ಚೀಟಿ ಬಿಡಿಸಿದಳು. ಎಲ್ಲ ಬಾಗಿಲು ಮುಚ್ಚಿ. ಕೀಯನ್ನು ಐದು ಸಲ ಆನ್ ಮಾಡಿ ಆಫ್ ಮಾಡಿ. ಬಾಗಿಲ ಲಾಕ್ ತಾನಾಗಿ ಟಕ್ ಎಂದರೆ ಹೊಸ ರಿಮೋಟಿನ ಗುಂಡಿ ಒತ್ತಿ. ಕೆಳಗೆ, ಇರುವೆ ಕೂಡ ಕನ್ನಡಕ ಹಾಕಿ ಓದಬೇಕಾದಂಥ ಅಕ್ಷರದಲ್ಲಿ ಒಂದು ಸಾಲಿತ್ತು: ಮನೆಯಲ್ಲಿರುವ ಬೇರೆ ರಿಮೋಟುಗಳನ್ನೂ ಈಗಲೇ ಜೋಡಿಸಿ. ಜೋಡಿಸದಿದ್ದರೆ ಅವು ಅಳಿಸಿಹೋಗುತ್ತವೆ.

ಅವಳು ಓದಿದಳು. ಓದಲಿಲ್ಲ ಎಂದು ಹೇಳಿ ಅವಳನ್ನು ಉಳಿಸಲು ನನಗೂ ಆಸೆ... ಆದರೆ ಓದಿದಳು!

'ಅವರದು ತರಬೇಕಂದ್ರೆ ಎಲ್ಲ ಹೇಳಬೇಕು. ಇವತ್ತೊಂದಿನ ಕಬ್ಬಿಣದ ಕೀಯಲ್ಲೇ ಬಾಗಿಲು ತೆಗೀತಾರೆ ಬಿಡು. ಸಂಜೆ ಹೇಗಾದ್ರೂ ಅವರದನ್ನ ಇಸ್ಕೊಂಡು ಜೋಡಿಸಿದರಾಯ್ತು.'

ಟಕ್. ಹೊಸ ರಿಮೋಟು ಸೇರಿಕೊಂಡಿತು. ಅವನದು ಅಳಿಸಿಹೋಯಿತು.

ಅಂದು ಅವನ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್. ಮೊದಲೇ ಮಾತಾಡಿಕೊಂಡಂತೆ ಅವಳು ಕೇಕ್ ತಲುಪಿಸಿ, ಕಾರನ್ನು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ನಿಲ್ಲಿಸಿ, ಹೊಸ ರಿಮೋಟಿನಿಂದ ಲಾಕ್ ಮಾಡಿ ಬಸ್ಸು ಹತ್ತಿದಳು. ರಿಮೋಟಿನಲ್ಲಿ ಲಾಕ್ ಮಾಡಿದ ಕಾರನ್ನು ಬರೀ ಕೀಯಿಂದ ತೆಗೆದರೆ ಅದು ಕಳ್ಳ ಬಂದನೆಂದು ಅರಚುತ್ತದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಅವಳ ಫೋನು ಬಡಿದುಕೊಂಡಿತು. ಅವನು! 'ಗೊತ್ತಾಗಿಹೋಯ್ತು...' ಎಂದುಕೊಂಡಳು. ಎತ್ತಲಿಲ್ಲ. ಮತ್ತೆ ಬಡಿಯಿತು. ಮತ್ತೆ. ಮೂರು ಸಲವೂ ಅವಳು ಹಿಟ್ಟು ಕಲಸುತ್ತಾ ನಿಂತಳು.

ಸಂಜೆ ಅವನು ಬಂದ. ಅವನ ಅಂಗಿಯ ಕಾಲರು ಹರಿದಿತ್ತು.

"ಕಾರು ಅರಚ್ತು. ಸೆಕ್ಯೂರಿಟಿಯವರು ಕುತ್ತಿಗೆಪಟ್ಟಿ ಹಿಡಿದ್ರು. ಅಮ್ಮ ಕಣ್ಣಿಗೆ ಪಟ್ಟಿ ಕಟ್ಕೊಂಡು ಒಂದು ಗಂಟೆ ಬಿಸಿಲಲ್ಲಿ ನಿಂತಿದ್ರು. ಮೇಷ್ಟ್ರಿಗೆ ಫೋನ್ ಮಾಡಿ, ಅವರು ಓಡಿ ಬಂದು ಹೇಳಿದ ಮೇಲೆ ಬಿಟ್ರು." ಅವನು ತನ್ನ ಗೊಂಚಲನ್ನು ಕಪಾಟಿನ ಮೇಲಿಟ್ಟ. "ಮೆಕ್ಯಾನಿಕ್ ನೋಡಿ, ನನ್ನ ರಿಮೋಟನ್ನ ಯಾರೋ ಅಳಿಸಿದ್ದಾರೆ ಅಂದ. ನಾಳೆ ಹೇಳ್ತೀನಿ ಅಂದಿದ್ರಲ್ಲ... ಉತ್ತರ ಸಿಕ್ತು ಮೇಡಂ."

"ಅದು ಹಾಗಲ್ಲ..." ಎಂದು ಅವಳು ಶುರುಮಾಡುವಷ್ಟರಲ್ಲಿ ಅವನು ಹೊರಟೇಹೋದ.

ಮುಂದಿನ ನಾಲ್ಕು ದಿನ ಅವಳು ಅತ್ತಿದ್ದಕ್ಕೆ ಬೀದಿಯ ಚರಂಡಿ ತುಂಬಿ ಹರಿಯಿತು. ಯಾರದೋ ಎಂಬತ್ತನೇ ಹುಟ್ಟುಹಬ್ಬದ ಕೇಕಿನ ಮೇಲೆ "ಶುಭಾಶಯ" ಎಂದು ಬರೆಯುವ ಬದಲು ಕೈ ತಾನಾಗಿ "ಕ್ಷಮಿಸಿ" ಎಂದು ಬರೆಯಿತು. ಎಂಬತ್ತರ ಅಜ್ಜ ಬೆಚ್ಚಿಬಿದ್ದು ತನ್ನ ಹೆಂಡತಿಯ ಮುಖ ನೋಡಿದನಂತೆ!

ಫೋನ್ ಮಾಡಲು ಕೈಗೆತ್ತಿಕೊಳ್ಳುವಳು. ಮೂರು ಸಲ ಬಂದ ಅವನ ಕರೆ ಅಲ್ಲೇ ಕೆಂಪಗೆ ಕೂತಿರುತ್ತಿತ್ತು. ಇಟ್ಟುಬಿಡುವಳು.

ಐದನೇ ದಿನ ಕಪ್ಪು ಕನ್ನಡಕ ಹಾಕಿಕೊಂಡು ಅವನ ಅಮ್ಮ ಅಂಗಡಿಗೆ ಬಂದರು.

"ಒಂದು ಕಣ್ಣು ಆಪರೇಷನ್ ಆಗಿತ್ತು ನೋಡು, ಇನ್ನೊಂದರಲ್ಲೇ ಮಗನನ್ನ ಕಳ್ಳ ಅಂತ ಹಿಡ್ಕೊಂಡಿದ್ದು ನೋಡಿದೆ. ಎರಡೂ ಸರಿ ಇದ್ದಿದ್ರೆ ಇನ್ನೂ ಚೆನ್ನಾಗಿ ಕಾಣ್ತಿತ್ತು."

"ಅಮ್ಮಾ..."

"ಇಷ್ಟ ಇಲ್ದಿದ್ರೆ ಬಾಯಲ್ಲಿ ಹೇಳ್ಬೇಕು ಮಗಳೇ. ಅವನು ಊಟ ಬಿಟ್ಟಿದ್ದಾನೆ. ನೆನ್ನೆ ಒಬ್ಬರಿಗೆ ಎರಡೂ ಗಾಜು ಅದಲು ಬದಲು ಮಾಡಿ ಕೊಟ್ಟ, ಅವರು ಗೋಡೆಗೆ ನಮಸ್ಕಾರ ಮಾಡ್ಕೊಂಡು ಹೋದ್ರು!"

ಅವಳು ನಗಲಿಲ್ಲ. ಅವರ ಕೈ ಹಿಡಿದು, ಕೇಕಿನಿಂದ ಹಿಡಿದು ಮೂರು ಕರೆಯವರೆಗೆ ಒಂದನ್ನೂ ಬಿಡದೆ ಹೇಳಿದಳು.

ಅಮ್ಮ ಕೈ ಬಿಡಿಸಿಕೊಂಡು ಬಾಗಿಲ ಕಡೆ ತೋರಿಸಿದರು. "ನಂಗೆ ಹೇಳಿದ್ದು ಸರಿ. ಹೇಳ್ಬೇಕಾದ್ದು ನಂಗಲ್ಲ."

ಅವಳು ಅವನ ಗೊಂಚಲು ಎತ್ತಿಕೊಂಡು, ಏಪ್ರನ್ ಕೂಡ ಬಿಚ್ಚದೆ, ಅವನು ಬಿಟ್ಟುಹೋಗಿದ್ದ ಕಾರು ಹತ್ತಿದಳು.

ಕನ್ನಡಕದಂಗಡಿಯಲ್ಲಿ ಒಬ್ಬ ಹಿರಿಯರು ಗೋಡೆಯ ಅಕ್ಷರ ಓದುತ್ತಿದ್ದರು. ಅವಳು ಸುಟ್ಟ ರಿಮೋಟನ್ನು ಅವನ ಮುಂದಿಟ್ಟಳು.

"ಇದನ್ನ ನಾನು ಬೇಯಿಸ್ದೆ. ನಿಮ್ಮ ಹತ್ರ ಮುಚ್ಚಿಟ್ಟು ಹೊಸದು ಜೋಡಿಸ್ದೆ. ನಿಮ್ಮದು ಅಳಿಸುತ್ತೆ ಅಂತ ಚೀಟೀಲಿ ಇತ್ತು. ಓದಿದ್ದೆ. ಗೊತ್ತಿದ್ದೇ ಮಾಡ್ದೆ. ಫೋನ್ ಬಂದಿದ್ದೂ ನೋಡಿದ್ದೆ, ಬೇಕಂತಲೇ ಎತ್ತಲಿಲ್ಲ..."

"ಅಮ್ಮಾ, ಸ್ವಲ್ಪ ಜೋರಾಗಿ ಹೇಳಮ್ಮ, ನಂಗೆ ಕಿವೀನೂ ಮಂದ," ಎಂದರು ಆ ಹಿರಿಯರು.

ಅವನು ರಿಮೋಟನ್ನು ತಿರುಗಿಸಿ ನೋಡಿದ. ತುಟಿ ಅಲುಗಿತು. ಆದರೆ ನಗು ಬರಲಿಲ್ಲ.

"ಇದಕ್ಕೆ ನಾನು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕುಬಿಡ್ತಿದ್ದೆ ರೀ. ಆದ್ರೆ ಮೂರು ಸಲ... ಆ ಜನರ ಮಧ್ಯೆ ನಿಂತು, ನನಗೆ ಮೊದಲು ನೆನಪಾದ ನಂಬರು ನಿಮ್ಮದೇ."

ಅವಳು ಅವನ ಗೊಂಚಲನ್ನೂ ಅವನ ಮುಂದಿಟ್ಟಳು.

"ಕ್ಷಮಿಸಿ ಅಂತ ಕೇಳೋ ಮುಖ ನಂಗಿಲ್ಲ. ನಿಮ್ಮ ಪಾಲಿನ ಕಾರು ನಿಮಗೆ ಸೇರ್ಬೇಕು. ಹತ್ತು ನಿಮಿಷ ಕೊಡಿ, ನಿಮ್ಮ ರಿಮೋಟು ಜೋಡಿಸಿ ಹೋಗ್ತೀನಿ."

ಇಬ್ಬರೂ ಕಾರಿನಲ್ಲಿ ಕೂತರು. ಬಾಗಿಲು ಮುಚ್ಚಿದರು. ಅವಳು ಕೀ ತಿರುಗಿಸುತ್ತಾ ಎಣಿಸಿದಳು. ಒಂದು, ಎರಡು, ಮೂರು... ಬಿಕ್ಕಳಿಕೆ ಬಂದು ಎಣಿಕೆ ತಪ್ಪಿತು. ಲಾಕ್ ಸದ್ದಿಲ್ಲ.

"ತಾಳಿ," ಎಂದ ಅವನು. "ನಾನು ಎಣಿಸ್ತೀನಿ. ನೀವು ತಿರುಗ್ಸಿ."

ಐದಕ್ಕೆ ಟಕ್ ಎಂದಿತು. ಅವಳು ತನ್ನ ಗುಂಡಿ ಒತ್ತಿದಳು. ಅವನು ತನ್ನದು ಒತ್ತಿದ. ಕಾರು ಎರಡು ಸಲ ದೀಪ ಮಿಟುಕಿಸಿತು.

ಅವನು ಇಳಿಯಲು ಬಾಗಿಲಿಗೆ ಕೈ ಹಾಕಿದ.

"ಇಳೀಬೇಡಿ! ಇನ್ನೊಂದು ಕಡೆ ಹೋಗ್ಬೇಕು," ಎಂದಳು ಅವಳು. ಎಂಜಿನ್ ಶುರುವಾಯಿತು.

ಕಣ್ಣಾಸ್ಪತ್ರೆಯ ಪಾರ್ಕಿಂಗು. ಅದೇ ಸೆಕ್ಯೂರಿಟಿಯವರು ಅವನನ್ನು ನೋಡಿ ಕೊರಳಿನ ವಿಷಲ್ಲಿಗೆ ಕೈ ಹಾಕಿದರು. ಅವಳು ಕಾರಿಳಿದು ಎದುರು ನಿಂತಳು. ಹಿಟ್ಟು ಮೆತ್ತಿದ ಏಪ್ರನ್, ಊದಿದ ಕಣ್ಣು. ಪಾರ್ಕಿಂಗಿನ ಅಷ್ಟೂ ಜನ ತಿರುಗಿದರು. ಅವರೆಷ್ಟು ಎಂದರೆ... ಹೋಗಲಿ, ನಿಜವೇ ಹೇಳುತ್ತೇನೆ, ಹನ್ನೊಂದು ಜನ.

"ಅವತ್ತು ನೀವು ಹಿಡಿದವರು ಕಳ್ಳ ಅಲ್ಲ. ಇವರ ರಿಮೋಟು ಅಳಿಸಿದ್ದು ನಾನು. ಕರೆದಾಗ ಫೋನ್ ಎತ್ತದೆ ಇದ್ದಿದ್ದೂ ನಾನೇ. ಬೈಯೋದಿದ್ರೆ ನಂಗೆ ಬೈಯಿರಿ."

ಸೆಕ್ಯೂರಿಟಿಯವರು ತಲೆ ಕೆರೆದುಕೊಂಡರು. "ಅದು ಸರೀಮ್ಮಾ... ಇವರು ನಿಮಗೇನಾಗ್ಬೇಕು?"

ಅವಳು ಒಮ್ಮೆ ಉಸಿರೆಳೆದುಕೊಂಡಳು.

"ಯಜಮಾನರಾಗೋರು. ಅವರು ಇನ್ನೂ ಒಪ್ಪೋದಾದ್ರೆ."

ಹಿಂದೆ ಕಾರಿನ ಬಾಗಿಲು ತೆರೆದ ಸದ್ದು. ಅವಳು ತಿರುಗಲಿಲ್ಲ. ತಿರುಗಲು ಧೈರ್ಯವಿರಲಿಲ್ಲ.

"ಮೇಡಂ," ಅವನ ದನಿ ಒಡೆದಿತ್ತು. "ಇನ್ನೂ ಸ್ವಲ್ಪ ಕೋಪ ಇದೆ."

"ಇರಲಿ. ಎಷ್ಟು ದಿನ ಬೇಕಾದ್ರೂ ಇರಲಿ."

"ದಿನಾ ಬಂದು ಬೈದರೆ?"

"ಬೈಸ್ಕೊಳ್ತೀನಿ."

"ಅಷ್ಟು ದೂರದಿಂದ ದಿನಾ ಬರೋಕಾಗಲ್ಲ," ಎಂದು ಅವನು ಅವಳ ಹಿಟ್ಟು ಮೆತ್ತಿದ ಕೈ ಹಿಡಿದುಕೊಂಡ. "ಒಂದೇ ಮನೇಲಿದ್ದು ಬೈತೀನಿ."