ಹತ್ತನೇ ಲೆಕ್ಕದ ಗೀರು

ತೇಲುತ್ತಿದ್ದ ಡಬ್ಬಿ ಸಿಕ್ಕಿತ್ತು. ಮುಚ್ಚಳ ತೆಗೆದರೆ ಒಳಗಿಟ್ಟಿದ್ದ ಪ್ರಮಾಣಪತ್ರಗಳೇ ಇಲ್ಲ!

ಪುನೀತಾ ಪಟ್ನಾದ ಗಂಗಾ ಘಾಟಿನ ಮೆಟ್ಟಿಲ ಮೇಲೆ ಕುಸಿದಳು. ಹನ್ನೊಂದು ಗಂಟೆಗೆ ರೈಲ್ವೆ ಕಚೇರಿಯಲ್ಲಿ ಮೂಲ ಪ್ರಮಾಣಪತ್ರ ತೋರಿಸದಿದ್ದರೆ ಸಿಕ್ಕ ಕೆಲಸ ಹೋದಂತೆಯೇ.

"ಇವನದೇ ಕೆಲ್ಸ!" ದೋಣಿಯಲ್ಲಿ ಜೊತೆಗಿದ್ದ ಶಿವಪೂಜನ್, ಅಂಬಿಗ ಬಿಲಟನತ್ತ ಬೆರಳು ತೋರಿಸಿದ. ಅದೇ ಕೆಲಸದ ಕಾಯುವ ಪಟ್ಟಿಯಲ್ಲಿ ಶಿವಪೂಜನನೇ ಮೊದಲಿಗ. "ಆರಕ್ಕೆ ಇಲ್ಲಿಂದ ಹೊರಟಾಗ್ಲೇ ನೀರಿಗೆ ಏನೋ ಬಿದ್ದ ಸದ್ದಾಯ್ತು. ಕಾಗದ ಹೊಡ್ಕೊಂಡು ಡಬ್ಬಿ ಎಸೆದಿದಾನೆ."

ಬಿಲಟ ಹುಟ್ಟನ್ನು ಕೆಳಗಿಟ್ಟ. ಡಬ್ಬಿಯನ್ನು ದೋಣಿಯಲ್ಲಿ ಬೆನ್ನ ಹಿಂದೆ ಇಟ್ಟವನು ತಾನೇ. ಕಳ್ಳನೆಂಬ ಹೆಸರು ಬಂದರೆ ಇನ್ನು ಅವನ ದೋಣಿಗೆ ಯಾರು ಕಾಲಿಡುತ್ತಾರೆ?

ಘಾಟಿನಲ್ಲೇ ಪರೀಕ್ಷೆಗೆ ಕಟ್ಟಿದವರಿಗೆ ಲೆಕ್ಕ ಹೇಳಿಕೊಡುವ ಝಾ ಮಾಸ್ತರು ಶಾಲು ಹೊದ್ದು ಎದ್ದರು.

"ಡಬ್ಬಿ ಇಲ್ಲ ಅಂತ ಗೊತ್ತಾಗಿದ್ದು ಯಾವಾಗ?"

"ಆರೂ ಇಪ್ಪತ್ತಕ್ಕೆ ಸರ್," ಪುನೀತಾ ಮೂಗೊರೆಸಿಕೊಂಡಳು. "ಹೊರಟ ಕ್ಷಣದಿಂದ ರೂಢಿಯಂತೆ ಇಪ್ಪತ್ತು ಲೆಕ್ಕ ಮಾಡ್ದೆ, ಒಂದಕ್ಕೆ ಒಂದೇ ನಿಮಿಷ. ತಲೆ ಎತ್ತಿದ್ರೆ ಡಬ್ಬಿ ಇಲ್ಲ! ತಕ್ಷಣ ದೋಣಿ ತಿರುಗಿಸಿದ್ವಿ."

"ಸಿಕ್ಕಿದ್ದು?"

"ಆರೂವರೆಗೆ. ಮಂಜಲ್ಲಿ ದೋಣಿಗೇ ತಗುಲ್ತು."

"ಬಿಲಟ, ಬರುವಾಗ ಹುಟ್ಟು ಜೋರಾಗಿ ಹಾಕಿದ್ಯಾ?"

"ಇಲ್ಲ ಮಾಸ್ತರೇ, ಹೊಳೆಗೆ ಎದುರು ಹೋಗ್ತಾನೂ, ಬರ್ತಾನೂ ಒಂದೇ ಜೋರು. ಬರುವಾಗ ಗಂಗಾಮಾಯಿ ತಳ್ತಾಳಲ್ಲ, ಬೇಗ ಸಿಕ್ತು."

"ಇಲ್ಲೇ ಎಲ್ಲರೂ ಏಮಾರೋದು! ಮಾಯಿ ದೋಣೀನ ಮಾತ್ರ ತಳ್ತಾಳಾ? ಡಬ್ಬೀನೂ ತಳ್ತಾಳೆ, ಒಂದೇ ಸಮ. ಅದನ್ನ ಬಿಟ್ಟು ಎಷ್ಟು ನಿಮಿಷ ಮೇಲೆ ಹೋದ್ರೋ, ತಿರುಗಿ ಹಿಡಿಯೋಕೂ ಅಷ್ಟೇ ನಿಮಿಷ. ಹೊಳೆ ಎಷ್ಟೇ ರಭಸ ಇರ್ಲಿ! ಹಿಡಿಯೋಕೆ ಹತ್ತು ನಿಮಿಷ ಆಯ್ತು. ಅಂದ್ರೆ ಡಬ್ಬಿ ಬಿದ್ದಿದ್ದು ಆರಕ್ಕಲ್ಲ, ಆರೂ ಹತ್ತಕ್ಕೆ — ನಡುಹೊಳೇಲಿ. ಪುನೀತಾ, ಹತ್ತನೇ ಲೆಕ್ಕ ತೋರ್ಸು."

ಅವಳು ಹಾಳೆ ಬಿಡಿಸಿದಳು. ಹತ್ತನೇ ಉತ್ತರದ ಮೇಲೆ ಪೆನ್ಸಿಲಿನ ಉದ್ದ ಗೀರು!

"ಆಗ ದೋಣಿ ವಾಲ್ತು ಸರ್, ಶಿವಪೂಜನ್ ಕೂತ ಕಡೆಗೇ..."

"ಬಿಲಟನ ಎರಡೂ ಕೈ ಹುಟ್ಟಿನ ಮೇಲಿತ್ತು. ಅವನ ಬೆನ್ನ ಹಿಂದೆ, ಡಬ್ಬಿ ಪಕ್ಕ ಕೂತು, ಆಗ ಬಗ್ಗಿದವನು ಯಾರು? ಶಿವಪೂಜನ್, ಸ್ವೆಟರ್ ಎತ್ತಪ್ಪ."

ಶಿವಪೂಜನ್ ಹಿಂದೆ ಸರಿದ. ಹಿಂದೆ ನೀರು. ಸ್ವೆಟರಿನೊಳಗಿಂದ ಕಾಗದಗಳು ಒಂದೂ ನೆನೆಯದೆ ಹೊರಬಂದವು.

ಬಿಲಟ ಹೊಳೆಯನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಹುಟ್ಟು ಹಾಕಿದ ಹೊಳೆ ಇವತ್ತು ಹೊಸದಾಗಿ ಕಂಡಿತು.

"ಒಂದೇ ಸಮಾನಾ ಮಾಸ್ತರೇ? ನನ್ನೂ, ಆ ಡಬ್ಬೀನೂ?"

"ಒಂದೇ ಸಮ ಕಣೋ."

ಪುನೀತಾ ಕಾಗದಗಳನ್ನು ಡಬ್ಬಿಗೆ ತುಂಬಿ, ಅದನ್ನು ಬಿಲಟನ ಕೈಗೇ ಕೊಟ್ಟು, ದೋಣಿಗೆ ಕಾಲಿಟ್ಟಳು.

"ಹೊರಡು ಕಾಕಾ, ಹನ್ನೊಂದರೊಳಗೆ ತಲುಪಬೇಕು."