ಬಿಳಿ ಬೆಡ್‌ಶೀಟು, ಕಪ್ಪು ಅಂಗಿ

"ಇದು ನಿಮ್ಮ ಮನೇದಾ?"

ಮೂರನೇ ಮಹಡಿಯ ಮುದುಕರು ಒಂದು ಕೈಯಲ್ಲಿ ಒದ್ದೆ ಬೆಡ್‌ಶೀಟು, ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬಟ್ಟೆಗಂಟು ಹಿಡಿದು ಲಾಂಡ್ರಿ ರೂಮಿನ ಬಾಗಿಲಲ್ಲಿ ನಿಂತಿದ್ದರು. ಗಂಟು ನೋಡಿದ್ದೇ ತಡ, ಪಾವನಾಳಿಗೆ ಗುರುತು ಸಿಕ್ಕಿತು.

ಅದು ಅಮ್ಮ ತಿರುಪತಿಗೆ ಹರಕೆ ಹೊತ್ತು ಕಟ್ಟಿಟ್ಟಿದ್ದ ಮುಡಿಪು. ಅಪ್ಪನ ವರ್ಕ್ ಪರ್ಮಿಟ್ ರಿನ್ಯೂ ಆಗಲಿ ಅಂತ ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ ಕಟ್ಟಿದ್ದಳು. ದೇವರ ಶೆಲ್ಫಿನ ಕೆಳಗೇ ಒಗೆಯುವ ಬುಟ್ಟಿ ಇಟ್ಟರೆ ಇನ್ನೇನಾಗುತ್ತದೆ?

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಆ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲೂ ವಾಷಿಂಗ್ ಮೆಷಿನ್ ಇಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಲಾಂಡ್ರಿ ರೂಮು. ಗೋಡೆಯ ಬೋರ್ಡಿನಲ್ಲಿ ತಮ್ಮ ನಂಬರಿನ ಪುಟ್ಟ ಬೀಗ ಸಿಕ್ಕಿಸಿದವರಿಗೆ ಆ ಹೊತ್ತು ಮೀಸಲು. ಮುಗಿದ ಮೇಲೆ ಎಲ್ಲ ಖಾಲಿ ಮಾಡಿ, ನೆಲ ಒರೆಸಿ ಹೋಗಬೇಕು. ಒಂದು ಕಾಲುಚೀಲ ಬಿಟ್ಟು ಹೋದರೂ ಬಾಗಿಲ ಮೇಲೆ ಬೈಗುಳದ ಚೀಟಿ ಅಂಟಿರುತ್ತದೆ.

"ಡ್ರಮ್ಮಿನೊಳಗೆ ಕೈ ಆಡಿಸಿ ನೋಡೇ" ಅಂತ ಅಮ್ಮ ಹೇಳಿದ್ದಳು. ಪಾವನಾ ಆಡಿಸಿರಲಿಲ್ಲ; ಗಂಟು ಒಳಗೇ ಉಳಿದು, ಮುಂದಿನ ಸರದಿಯ ಮುದುಕರ ಬಟ್ಟೆಯ ಜೊತೆ ಮತ್ತೆ ಸುತ್ತಿತ್ತು. ಪಾವನಾಳ ಮನೆಯ ಬಟ್ಟೆಯೆಲ್ಲ ಜೀನ್ಸು, ಕಪ್ಪು ಪ್ಯಾಂಟು. ಅವುಗಳ ಮೇಲೆ ಕಲೆ ಕಾಣಲೂ ಇಲ್ಲ. ಈಗ ಮುದುಕರ ಬಿಳಿ ಬೆಡ್‌ಶೀಟಿನ ತುಂಬ ಕೆಂಪೂ ಅಲ್ಲದ, ಹಳದಿಯೂ ಅಲ್ಲದ ಮೋಡಗಳು.

"ಸಾರಿ" ಎಂದಳು ಸ್ವೀಡಿಶ್‌ನಲ್ಲಿ. ಚೀಟಿಯಲ್ಲಿ ಏನು ಬರೆಯುತ್ತಾರೋ ಎಂದು ಆಗಲೇ ಚಿಂತೆ ಹತ್ತಿತ್ತು.

ಮುದುಕರು ಬೈಯಲಿಲ್ಲ. ಗಂಟನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರು.

"ಈ ವಾಸನೆ ನಂಗೊತ್ತು. ನೀವು ಇಂಡಿಯಾದವರಾ?"

"ಹೂಂ. ಬೆಂಗಳೂರು."

ಮುದುಕರು ಕಣ್ಣು ಬಿಟ್ಟರು. "ಹಾಗಾದ್ರೆ ಜಾಲಹಳ್ಳಿ ಗೊತ್ತಾ?"

ಪಾವನಾ ಬಾಯಿ ತೆರೆದು ನಿಂತುಬಿಟ್ಟಳು. ಜಾಲಹಳ್ಳಿಯಲ್ಲಿ ಅವಳ ದೊಡ್ಡಮ್ಮನ ಮನೆಯಿದೆ. ಆದರೆ ಈ ಊರಲ್ಲಿ ಬೆಂಗಳೂರು ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿಲ್ಲ, ಜಾಲಹಳ್ಳಿಯ ಮಾತು ದೂರ ಉಳಿಯಿತು!

"ನಾನು ಅಲ್ಲಿ ಐದು ವರ್ಷ ಇದ್ದೆ" ಎಂದರು ಮುದುಕರು. "ಕೈದಿಯಾಗಿ."

*

ಅವರ ಹೆಸರು ಆಲ್ದೊ. ಎಂಬತ್ತಾರು ವರ್ಷ. ಹುಟ್ಟಿದ್ದು 1920ರಲ್ಲಿ, ಇಟಲಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಬಾಲ್ ಬೇರಿಂಗ್ ಫ್ಯಾಕ್ಟರಿಗೆ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಇಷ್ಟನ್ನೂ ಪಾವನಾ ಹತ್ತೇ ನಿಮಿಷದಲ್ಲಿ ಕೇಳಿ ತಿಳಿದುಕೊಂಡಿದ್ದಳು.

ಅಷ್ಟರಲ್ಲಿ ಅಮ್ಮ ಪದ್ಮಿನಿ ಕೆಳಗಿಳಿದು ಬಂದಳು. ಬೆಡ್‌ಶೀಟು ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ತಾತಂಗೆ ಹೇಳೇ, ಇನ್ನೊಂದ್ಸಲ ಸೋಪು ಹಾಕೋದು ಬೇಡ ಅಂತ. ಅರಿಶಿನ ಸೋಪಿಗೆ ಹೋಗಲ್ಲ, ಇನ್ನೂ ಕೆಂಪಾಗುತ್ತೆ. ಬಿಸಿಲಿಗೆ ಮಾತ್ರ ಹೋಗೋದು. ಕಲೆ ಮೇಲಕ್ಕೆ ಬರೋ ಹಾಗೆ ಹರಡ್ಬೇಕು."

"ಈ ಊರ ಬಿಸಿಲಿಗಾ ಅಮ್ಮಾ?"

"ಮೇ ತಿಂಗಳಲ್ವಾ? ನಮ್ಮೂರಲ್ಲಾದ್ರೆ ಒಂದಿನ, ಇಲ್ಲಿ ಒಂದು ವಾರ. ಹೋಗ್ದೆ ಎಲ್ಲಿಗೆ ಹೋಗುತ್ತೆ?"

ಮೂವರೂ ಸೇರಿ ಅಂಗಳದಲ್ಲಿ ಜಮಖಾನೆ ನೇತುಹಾಕಿ ಧೂಳು ಬಡಿಯುವ ಕಂಬಿಗೆ ಬೆಡ್‌ಶೀಟು ಹರಡಿ ಕ್ಲಿಪ್ಪು ಹಾಕಿದರು.

"ತಾತ, ಜಾಲಹಳ್ಳಿಯಲ್ಲಿ ನಿಮಗೆ ಅರಿಶಿನ ಹೇಗೆ ಗೊತ್ತಾಯ್ತು?"

ಆಲ್ದೊ ಎಡಗೈ ಚಾಚಿದರು. ಹೆಬ್ಬೆರಳ ಬುಡದಲ್ಲಿ ಒಂದು ಹಳೆಯ ಗೀರು.

"ನಾವು ಕೈದಿಗಳು ಅಲ್ಲಿ ಗೋಡೆ ಕಟ್ತಾ ಇದ್ವಿ. ಗುದ್ದಲಿ ಕೊಯ್ತು. ರಕ್ತ ನಿಲ್ಲಲೇ ಇಲ್ಲ. ನಿಮ್ಮೂರ ಮೇಸ್ತ್ರಿ ಒಬ್ಬ ಇದ್ದ, ಸಿದ್ದಲಿಂಗ ಅಂತ. ಓಡಿ ಹೋಗಿ ಒಂದು ಹಿಡಿ ಹಳದಿ ಪುಡಿ ತಂದು ಒತ್ತಿ, ತನ್ನ ಟವೆಲ್ ಹರಿದು ಕಟ್ಟಿದ. ನಾನು ಅವನ ಶತ್ರು ದೇಶದ ಸೈನಿಕ. ಅವನು ಅದನ್ನ ಕೇಳಲೇ ಇಲ್ಲ."

ಪಾವನಾಳ ತಲೆಯಲ್ಲಿ ದೀಪ ಹತ್ತಿತು. ಗುರುವಾರ ಸ್ಕೂಲಿಗೆ ವಯಸ್ಸಾದವರೊಬ್ಬರನ್ನು ಕರೆತರಬೇಕಿತ್ತು. 'ನಾನು ಹತ್ತು ವರ್ಷದವನಿದ್ದಾಗ' ಅಂತ ಅವರು ಮಾತಾಡಬೇಕು. ಎಲ್ಲರೂ ತಮ್ಮ ಅಜ್ಜ ಅಜ್ಜಿಯರನ್ನು ಕರೆತರುವವರು. ಪಾವನಾಳ ಅಜ್ಜ ಅಜ್ಜಿಯರು ಫೋನಿನಲ್ಲಿ ಮಾತ್ರ.

"ನೀವು ಬರ್ತೀರಾ ತಾತ? ಪ್ಲೀಸ್!"

"ಹತ್ತು ವರ್ಷವಾ?" ಆಲ್ದೊ ಬೆಡ್‌ಶೀಟಿನ ಕ್ಲಿಪ್ಪೊಂದನ್ನು ತೆಗೆದು ಮತ್ತೆ ಹಾಕಿದರು. "ಸರಿ. ಬರ್ತೀನಿ."

*

ಮರುದಿನ ಟ್ರಾಮಿನಲ್ಲಿ ಪಾವನಾ ಉಸಿರು ಬಿಡದೆ ಹೇಳಿದಳು. ಪಕ್ಕದಲ್ಲಿ ಕೂತಿದ್ದವಳು ಎಲೆನಿ. ಅವಳ ಮನೆಯವರು ಗ್ರೀಸಿನಿಂದ ಬಂದವರು. ಇಬ್ಬರೂ ಎರಡು ವರ್ಷದಿಂದ ಒಂದೇ ಬೆಂಚು.

"ಸೋಲ್ಜರ್ ಕಣೇ! ವರ್ಲ್ಡ್ ವಾರ್ ಸೋಲ್ಜರ್! ನಮ್ಮ ಬೆಂಗಳೂರಲ್ಲೇ ಜೈಲಲ್ಲಿದ್ರಂತೆ. ನೋಡ್ತಾ ಇರು, ಗುರುವಾರ ನನ್ನ ತಾತನೇ ಹೀರೋ!"

"ಯಾವ ದೇಶದ ಸೋಲ್ಜರ್?"

"ಇಟಲಿ."

ಎಲೆನಿಯ ನಗು ಆರಿತು. "ಇಟಲಿಯವರು ಏನು ಮಾಡಿದ್ರು ಗೊತ್ತಾ ನಿಂಗೆ?"

ಪಾವನಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನಮ್ಮಜ್ಜಿ ಹತ್ತು ವರ್ಷದವಳಿದ್ದಾಗ ಅವರ ಸೈನ್ಯ ಗ್ರೀಸ್ ಮೇಲೆ ನುಗ್ಗಿತು. ಮುಸೊಲಿನಿ ಅಂತ ಒಬ್ಬ ಸರ್ವಾಧಿಕಾರಿ ಕಳಿಸಿದ್ದು. ಆಮೇಲೆ ಜರ್ಮನಿಯವರೂ ಬಂದ್ರು. ಅಜ್ಜಿಯ ತಂಗಿ ಹಸಿವಿನಿಂದ ಸತ್ತೋದ್ಲು. ಮೂರು ವರ್ಷದ ಮಗು ಕಣೇ! ಗುರುವಾರ ಅಜ್ಜಿ ಅದನ್ನೇ ಹೇಳೋಕೆ ಬರ್ತಿರೋದು. ನೀನು ಅವಳ ಎದುರಿಗೆ ಇಟಲಿ ಸೋಲ್ಜರನ್ನ ತಂದು ಕೂರಿಸ್ತೀಯಾ?"

"ನನಗೇನು ಗೊತ್ತಿತ್ತು..."

"ಕರ್ಕೊಂಡು ಬಾ ಹೋಗು. ಆದ್ರೆ ನಾನು ಇನ್ಮೇಲೆ ನಿನ್ನ ಪಕ್ಕ ಕೂರಲ್ಲ."

ಮುಂದಿನ ಸ್ಟಾಪಿನಲ್ಲಿ ಎಲೆನಿ ಎದ್ದು ಹಿಂದಿನ ಸೀಟಿಗೆ ಹೋದಳು.

*

ಸಂಜೆ ಪಾವನಾ ಮೂರನೇ ಮಹಡಿಯ ಬೆಲ್ ಒತ್ತಿದಳು. ಒಳಗೆ ಕಾಲಿಟ್ಟವಳೇ ನೇರವಾಗಿ ಕೇಳಿದಳು.

"ತಾತ, ನೀವು ಗ್ರೀಸ್‌ಗೆ ಹೋಗಿದ್ರಾ?"

"ಇಲ್ಲ. ನನ್ನನ್ನ ಆಫ್ರಿಕಾದ ಮರಳುಗಾಡಿಗೆ ಕಳಿಸಿದ್ರು."

ಪಾವನಾ ಉಸಿರು ಬಿಟ್ಟಳು. ಆದರೆ ಅವರ ಮಾತು ಮುಗಿದಿರಲಿಲ್ಲ.

"ಗ್ರೀಸ್‌ಗೆ ಹೋಗು ಅಂದಿದ್ರೆ ಗ್ರೀಸ್‌ಗೇ ಹೋಗ್ತಿದ್ದೆ."

ಪಾವನಾ ಎಲೆನಿಯ ಮಾತನ್ನೆಲ್ಲ ಹೇಳಿದಳು. ಆಲ್ದೊ ಎದ್ದು ಕಪಾಟಿನ ತಳದಿಂದ ಒಂದು ಬಿಸ್ಕೆಟ್ ಡಬ್ಬಿ ತೆಗೆದರು. ಅದರೊಳಗೆ ಒಂದೇ ಒಂದು ಫೋಟೊ. ಹತ್ತು ವರ್ಷದ ಹುಡುಗ. ಕಪ್ಪು ಅಂಗಿ, ಹೆಗಲಿಗೆ ಪುಟ್ಟ ಬಂದೂಕು, ಮುಖದ ತುಂಬ ನಗು.

"ಇದು ನೀವಾ? ಹತ್ತು ವರ್ಷಕ್ಕೇ ಸೋಲ್ಜರಾ?"

"ಬಂದೂಕು ಮರದ್ದು. ನಮ್ಮೂರ ಹುಡುಗರೆಲ್ಲ ಹಾಗೇ. ಕಪ್ಪು ಅಂಗಿ ಅಂದ್ರೆ ಮುಸೊಲಿನಿಯ ಪಕ್ಷದ್ದು. ಅದನ್ನ ಹಾಕ್ಕೊಂಡು ಕವಾಯತು ಮಾಡ್ತಿದ್ವಿ. 'ನಮ್ಮ ನಾಯಕ ಯಾವಾಗಲೂ ಸರಿ' ಅಂತ ಕೂಗ್ತಿದ್ವಿ. ನನಗೆ ಎಷ್ಟು ಖುಷಿ ಆಗ್ತಿತ್ತು ಗೊತ್ತಾ?"

"ಆಮೇಲೆ?"

"ಆಮೇಲೆ ದೊಡ್ಡವನಾದೆ. ನಮ್ಮವರು ಇಥಿಯೋಪಿಯಾ ಹಿಡಿದಾಗ ಕುಣಿದೆ. ಯುದ್ಧ ಶುರು ಅಂತ ಚೌಕದ ಲೌಡ್‌ಸ್ಪೀಕರಿನಲ್ಲಿ ಮುಸೊಲಿನಿಯ ದನಿ ಬಂತು. ಆಗ ನನಗೆ ಇಪ್ಪತ್ತು. ಕೈ ಕೆಂಪಾಗೋ ಹಾಗೆ ಚಪ್ಪಾಳೆ ತಟ್ಟಿದೆ. ಆರು ತಿಂಗಳಿಗೆ ಮರಳುಗಾಡಲ್ಲಿದ್ದೆ. ಬೂಟಿನ ಅಟ್ಟೆ ಕಿತ್ತುಹೋಗಿತ್ತು. ಬ್ರಿಟಿಷರ ಸೈನ್ಯ ಬಂತು, ಅದರಲ್ಲಿ ನಿಮ್ಮ ದೇಶದವರೂ ಇದ್ದರು. ನಾವು ಸಾವಿರಾರು ಜನ ಕೈ ಎತ್ತಿದ್ವಿ. ಹಡಗಿನಲ್ಲಿ ಬಾಂಬೆ, ರೈಲಿನಲ್ಲಿ ಬೆಂಗಳೂರು."

ಪಾವನಾ ಫೋಟೊವನ್ನೇ ನೋಡುತ್ತಾ ಒಂದು ಉಪಾಯ ಹೂಡಿದಳು.

"ತಾತ, ಫೋಟೊ ಬೇಡ. ಬರೀ ಜಾಲಹಳ್ಳಿ ಹೇಳಿ. ಗೋಡೆ, ಮೇಸ್ತ್ರಿ, ಅರಿಶಿನ. ಅಷ್ಟು ಸಾಕು. ಆಗ ಎಲೆನಿಗೂ ಬೇಜಾರಾಗಲ್ಲ."

"ಜಾಲಹಳ್ಳಿಯಲ್ಲಿ ನನಗೆ ಇಪ್ಪತ್ತೊಂದು ವರ್ಷ. ನಿಮ್ಮ ಟೀಚರ್ ಕೇಳಿರೋದು ಹತ್ತು."

ಪಾವನಾ ಫೋಟೊವನ್ನು ಡಬ್ಬಿಯ ಕಡೆ ಸರಿಸಿದಳು.

"ನನ್ನ ಹೆಂಡತಿಗೂ ಈ ಫೋಟೊ ತೋರಿಸಿರಲಿಲ್ಲ" ಎಂದರು ಆಲ್ದೊ. "ನೀನು ಬೇಡ ಅಂದ್ರೆ ನಾನು ಬರಲ್ಲ. ಬಂದ್ರೆ ಇದು ನನ್ನ ಜೊತೆ ಬರುತ್ತೆ. ನೀನೇ ಹೇಳು."

ಕಿಟಕಿಯಾಚೆ ಅಂಗಳದಲ್ಲಿ ಬೆಡ್‌ಶೀಟು ಗಾಳಿಗೆ ಉಬ್ಬುತ್ತಿತ್ತು. ಮೋಡಗಳು ಆಗಲೇ ಸ್ವಲ್ಪ ಮಾಸಿದ್ದವು. ಅಮ್ಮ ಕೆಳಗೆ ನಿಂತು ಅದನ್ನು ತಿರುಗಿಸಿ ಹಾಕುತ್ತಿದ್ದಳು, ಕಲೆಯ ಭಾಗ ಸೂರ್ಯನ ಕಡೆಗೆ.

ಪಾವನಾ ಅದನ್ನು ನೋಡಿ, ಫೋಟೊವನ್ನು ತಾತನ ಕೈಗಿಟ್ಟಳು.

"ಒಂಬತ್ತು ಗಂಟೆಗೆ ಟ್ರಾಮು" ಎಂದಳು ಕೊನೆಗೆ. "ಲೇಟಾಗ್ಬೇಡಿ."

*

ಗುರುವಾರ ಎಲೆನಿ ಬೇರೆ ಬೆಂಚಿನಲ್ಲಿ ಕೂತಿದ್ದಳು. ಪಾವನಾಳ ಪಕ್ಕದ ಜಾಗ ಖಾಲಿ.

ಮೊದಲು ಎಲೆನಿಯ ಅಜ್ಜಿ ಮಾತಾಡಿದರು. ಗಿಡ್ಡ ಅಜ್ಜಿ, ಕಪ್ಪು ಸ್ಕಾರ್ಫು. ಅಕ್ಟೋಬರಿನ ಒಂದು ಬೆಳಗ್ಗೆ ಚರ್ಚಿನ ಗಂಟೆಗಳು ಒಂದೇ ಸಮನೆ ಹೊಡೆದದ್ದು, ಸ್ಕೂಲು ಮುಚ್ಚಿದ್ದು, ಅಣ್ಣಂದಿರು ಬೆಟ್ಟಗಳ ಕಡೆ ಯುದ್ಧಕ್ಕೆ ಹೋದದ್ದು. ಅದರ ಮುಂದಿನ ಚಳಿಗಾಲದಲ್ಲಿ ಬ್ರೆಡ್ಡೇ ಸಿಗದಿದ್ದದ್ದು, ಅಮ್ಮ ಗುಡ್ಡದಿಂದ ಕಾಡು ಸೊಪ್ಪು ತಂದು ಬೇಯಿಸಿದ್ದು. ತಂಗಿಯ ವಿಷಯ ಬಂದಾಗ ಅವರು ಅವಳ ಹೆಸರು ಮಾತ್ರ ಹೇಳಿದರು.

ಆಮೇಲೆ ಟೀಚರ್ ಬಿರ್ಗಿತ್ತಾ ಆಲ್ದೊರ ಹೆಸರು ಕರೆದರು. ಅವರು ಎದ್ದರು. ಕೈಯಲ್ಲಿ ಫೋಟೊ ಹಿಡಿದು ಪಾವನಾಳ ಕಡೆ ನೋಡಿದರು. ಈಗಲೂ ತಲೆ ಅಲ್ಲಾಡಿಸಿ ಬೇಡ ಅನ್ನಬಹುದಿತ್ತು. ಪಾವನಾ ಅಲ್ಲಾಡಿಸಲಿಲ್ಲ.

"ನಾನು ಹತ್ತು ವರ್ಷದವನಿದ್ದಾಗ ನನಗೆ ತುಂಬ ಇಷ್ಟವಾದ ಅಂಗಿ ಇದು" ಎಂದರು ಆಲ್ದೊ. ಫೋಟೊವನ್ನು ಮೊದಲ ಬೆಂಚಿಗೆ ಕೊಟ್ಟರು. ಮರದ ಬಂದೂಕು, ಕವಾಯತು, ಚಪ್ಪಾಳೆ, ಒಂದನ್ನೂ ಬಿಡದೆ ಹೇಳಿದರು.

ಎಲೆನಿ ಕೈ ಎತ್ತಿದಳು. ಅವಳ ಮುಖ ಕೆಂಪಾಗಿತ್ತು. "ಅದು ತಪ್ಪು ಅಂತ ನಿಮಗೆ ಯಾರೂ ಹೇಳಲೇ ಇಲ್ವಾ?"

"ಹೇಳಿದ್ರು. ನಮ್ಮ ಚಿಕ್ಕಪ್ಪ. ಒಂದು ದಿನ ಪೊಲೀಸರು ಬಂದು ಅವರನ್ನ ಕರ್ಕೊಂಡು ಹೋದ್ರು."

"ಆಗ ನೀವೇನು ಮಾಡಿದ್ರಿ?"

"ಚಿಕ್ಕಪ್ಪನೇ ಏನೋ ತಪ್ಪು ಮಾಡಿರ್ಬೇಕು ಅಂದ್ಕೊಂಡೆ." ಆಲ್ದೊ ಕನ್ನಡಕ ತೆಗೆದು ಒರೆಸಿದರು. "ನಿನ್ನ ಹಾಗೆ ಕೈ ಎತ್ತಿ ಕೇಳಲಿಲ್ಲ ಪುಟ್ಟಾ."

ಫೋಟೊ ಬೆಂಚಿನಿಂದ ಬೆಂಚಿಗೆ ಹೋಗಿ ಕೊನೆಗೆ ಎಲೆನಿಯ ಅಜ್ಜಿಯ ಕೈ ಸೇರಿತು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು.

"ಗುಂಡಿ ಹೆಚ್ಚುಕಮ್ಮಿ ಹಾಕಿದೆ" ಎಂದರು. "ಮೇಲಿನದು ಕೆಳಗಿನ ತೂತಿಗೆ. ನಿಮ್ಮಮ್ಮ ನೋಡಲಿಲ್ವಾ?"

"ನನ್ನ ಗಡಿಬಿಡಿಯಲ್ಲಿ ಅಮ್ಮನಿಗೆ ಎಲ್ಲಿ ಸಿಕ್ಕೆ?"

ಯಾರೋ ಕಿಸಕ್ಕೆಂದರು. ಅಜ್ಜಿ ನಗಲಿಲ್ಲ.

"ಕೈದಿಯಾಗಿದ್ದಾಗ ಊಟ ಸಿಗ್ತಿತ್ತಾ ನಿಮಗೆ?"

"ಸಿಗ್ತಿತ್ತು. ಅನ್ನ, ಬೇಳೆ. ಪ್ರತಿ ದಿನ."

"ನಮಗೆ ಸಿಗ್ತಿರಲಿಲ್ಲ."

"ಆಗ ನನಗೆ ಗೊತ್ತಿರಲಿಲ್ಲ" ಎಂದರು ಆಲ್ದೊ ಮೆಲ್ಲಗೆ. "ಈಗ ಗೊತ್ತು."

ಅಜ್ಜಿ ಕೈ ಕುಲುಕಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಫೋಟೊವನ್ನು ಸ್ಕಾರ್ಫಿನ ಅಂಚಿನಿಂದ ಒರೆಸಿ, ಜೋಪಾನವಾಗಿ ಅವರ ಕೈಗೆ ವಾಪಸು ಕೊಟ್ಟರು.

*

ಶನಿವಾರ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಪಾವನಾ ಮತ್ತು ಆಲ್ದೊ ಬೆಡ್‌ಶೀಟಿನ ಎರಡೆರಡು ತುದಿ ಹಿಡಿದು ಎಳೆದು ನಿಂತರು. ದೊಡ್ಡ ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಮೂರು ವರ್ಷದಿಂದ ಅದನ್ನು ಹೇಗೋ ಒಬ್ಬನೇ ಸುತ್ತಿಡುತ್ತಿದ್ದೆ ಎಂದರು ಆಲ್ದೊ.

ಗೇಟಿನ ಹತ್ತಿರ ಸೈಕಲ್ ನಿಂತ ಸದ್ದಾಯಿತು. ಎಲೆನಿ. ಅವಳು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ಅಜ್ಜಿ ಕೇಳಿದ್ಲು" ಎಂದಳು, ಪಾವನಾಳನ್ನು ನೋಡದೆ. "ಆ ಚಿಕ್ಕಪ್ಪ ವಾಪಸು ಬಂದ್ರಾ ಅಂತ."

"ಬಂದ್ರು" ಎಂದರು ಆಲ್ದೊ. "ಆದ್ರೆ ನನ್ನ ಜೊತೆ ಮಾತಾಡಲಿಲ್ಲ. ಮೇಲೆ ಬಂದ್ರೆ ಅವರದ್ದೂ ಹೇಳ್ತೀನಿ. ಉದ್ದ ಕತೆ."

ಎಲೆನಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದಳು.

ಪಾವನಾ ಮಡಿಸಲು ಎರಡು ಹೆಜ್ಜೆ ಮುಂದೆ ಬಂದವಳು ನಿಂತಳು. ಬೆಡ್‌ಶೀಟು ಬೆಳ್ಳಗಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ, ಹುಡುಕಿದರಷ್ಟೇ ಕಾಣುವಂತೆ, ತೆಳು ಹಳದಿ ಉಳಿದಿತ್ತು.

"ಸಾಕು ಬಿಡು, ಯಾರಿಗೂ ಕಾಣಲ್ಲ" ಎಂದರು ಆಲ್ದೊ.

"ನನಗೆ ಕಾಣುತ್ತೆ."

ಅವಳು ಬೆಡ್‌ಶೀಟನ್ನು ಮತ್ತೆ ಬಿಡಿಸಿ ಕಂಬಿಯ ಮೇಲೆ ಹರಡಿದಳು. ಆ ಮೂಲೆಯನ್ನು ಎಳೆದು, ಬಿಸಿಲು ಬೀಳುವ ಕಡೆಗೆ ತಿರುಗಿಸಿ ಹಿಡಿದು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದಳು.

ಎಲೆನಿ ಆ ಕೈಗೆ ಒಂದು ಕ್ಲಿಪ್ಪು ಇಟ್ಟಳು.